ಹಲಸಿನ ನೆರಳಿನ ಒಂದೆಲಗ

ಊರಿನ ಹೆಸರು ಬೇಡ, ಹೇಳಿದರೆ ನೀವು ಹುಡುಕಿಕೊಂಡು ಹೋಗ್ತೀರಿ. ಅಲ್ಲಿ ಒಬ್ಬ ಶ್ರೀಮಂತ ಇದ್ದ ಅಂದರೆ ಸಾಕು. ಅವನ ಹಿತ್ತಲಲ್ಲಿ ಒಂದು ಹಲಸಿನ ಮರ. ಮಟಮಟ ಮಧ್ಯಾಹ್ನವೂ ಅದರ ಬುಡದಲ್ಲಿ ಮುಸ್ಸಂಜೆ. ಅವನ ಹೆಂಡತಿ ಮದುವೆಯಾಗಿ ಬಂದಾಗ ಅದು ಅವಳ ಸೊಂಟದೆತ್ತರ ಇತ್ತಂತೆ. ಅವಳು ಕಾಳು ಆರಿಸೋದು ಅಲ್ಲಿ, ತವರಿನ ನೆನಪಾದರೆ ಸುಮ್ಮನೆ ಕೂರೋದೂ ಅಲ್ಲಿ. ಅಷ್ಟು ದೊಡ್ಡ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ನೆರಳೊಂದೇ.

ಶ್ರೀಮಂತ ಒಮ್ಮೆ ಬೀಗರ ಮನೆಗೆ ಹೋದ. ಅಲ್ಲಿ ಅಂಗಳದ ತುಂಬ ಹುಲ್ಲುಹಾಸು, ಜಮಖಾನ ಹಾಸಿದ ಹಾಗೆ. ಇವನಿಗೆ ಹೊಟ್ಟೆಕಿಚ್ಚಾಯಿತು. ನಮಗೂ ಆಗತ್ತೆ, ಅಲ್ಲವೇ? ಮನೆಗೆ ಬಂದವನೇ ಹಿತ್ತಲಲ್ಲಿ ತಾನಾಗಿ ಹಬ್ಬಿದ್ದ ಪುಟ್ಟ ಸೊಪ್ಪನ್ನು ಕಳೆ ಅಂತ ಕಿತ್ತ, ಹುಲ್ಲು ತರಿಸಿ ಹಾಸಿದ. ಹದಿನೈದು ದಿನಕ್ಕೆ ಹುಲ್ಲು ಹಳದಿ. ಮತ್ತೆ ತರಿಸಿದ, ಮತ್ತೆ ಹಾಸಿದ, ಮತ್ತೆ ಹಳದಿ. ಬಿಸಿಲು ಬೇಡುವ ಹುಲ್ಲು, ನೋಡಿ, ನೆರಳಲ್ಲಿ ಎಷ್ಟು ದಿನ ಉಸಿರು ಹಿಡಿದೀತು? ಅವನು ಹುಲ್ಲಿನ ಆಸೆ ಬಿಟ್ಟನೇ? ಇಲ್ಲ. ಒಂದು ಬೆಳಿಗ್ಗೆ ಹಳದಿ ಹುಲ್ಲನ್ನೂ ಅದರ ನಡುವೆ ಮತ್ತೆ ಚಿಗುರಿದ್ದ ಆ ಪುಟ್ಟ ಸೊಪ್ಪನ್ನೂ ಕಿತ್ತೆಸೆದು, ಮರವನ್ನೇ ಕಡಿಸುತ್ತೇನೆ ಅಂದ. ಸಂಜೆ ನಾಲ್ಕಕ್ಕೆ ಕೊಡಲಿಯವನಿಗೆ ಬರಹೇಳಿದ.

ಅಂದು ಊಟಕ್ಕೆ ತಂಬುಳಿ. ಸೊಪ್ಪು ಅರೆದು ಮಜ್ಜಿಗೆಗೆ ಬೆರೆಸಿದ ತಣ್ಣನೆಯ ತಂಬುಳಿ. ಮೂರು ಸಲ ಹಾಕಿಸಿಕೊಂಡು ಉಂಡ. ಮರದ ಕೆಳಗೆ ಕುರ್ಚಿ ಹಾಕಿ ಕೂತ. ಕಣ್ಣು ಎಳೆಯಿತು. ಎಲೆಗಳ ಸಂದಿಯಿಂದ ಬೆಳಕು ಇಳಿಯುತ್ತೆ, ಹೋಗುತ್ತೆ, ಇಳಿಯುತ್ತೆ, ಹೋಗುತ್ತೆ. ಆ ಅರೆನಿದ್ದೆಯಲ್ಲಿ ಬರಿ ಮಣ್ಣೆಲ್ಲ ಹಸಿರಾಗಿ ಕಂಡಿತು. ಪುಟ್ಟ ದುಂಡು ಎಲೆಗಳು ಒಂದರ ಕೈ ಒಂದು ಹಿಡಿದು ಅವನ ಪಾದದವರೆಗೂ ಬಂದವು. ಪಾದ ತಣ್ಣಗಾಯಿತು. ಕಣ್ಣು ಬಿಟ್ಟರೆ, ಹೆಂಡತಿ ಕುಕ್ಕರುಗಾಲಲ್ಲಿ ಕೂತು, ತಂಬಿಗೆಯಿಂದ ನೀರು ಹನಿಸುತ್ತ ಏನೋ ನೆಡುತ್ತಿದ್ದಾಳೆ.

“ಏನದು?”

“ಒಂದೆಲಗ. ಬೆಳಿಗ್ಗೆ ನೀವು ಕಿತ್ತೆಸೆದದ್ದು. ಬೇರು ಇನ್ನೂ ಹಸಿಯಾಗಿದೆ.”

“ಕಳೆ ಅಲ್ವಾ ಅದು?”

“ಮೂರು ಸಲ ಹಾಕಿಸ್ಕೊಂಡು ಉಂಡ್ರಲ್ಲ, ಅದೇ ಕಳೆ. ನೆರಳಿದ್ದರೇ ಅದು ಚೆನ್ನಾಗಿ ಹಬ್ಬೋದು.”

“ಮೊದಲೇ ಹೇಳಬಾರದಿತ್ತಾ?”

“ಹೇಳಿದ್ದೆ. ನೀವು ಫೋನಲ್ಲಿ ಹುಲ್ಲಿನವನ ಹತ್ರ ಮಾತಾಡ್ತಿದ್ರಿ.”

“ಮರ ಹೇಗೂ ಹೋಗತ್ತೆ. ಈಗ ಯಾಕೆ ನೆಡ್ತೀಯ?”

ಅವಳು ತಲೆ ಎತ್ತಲಿಲ್ಲ. “ನಾಲ್ಕು ಗಂಟೆವರೆಗೆ ನೆರಳಿದೆಯಲ್ಲ” ಅಂದಳು.

ಶ್ರೀಮಂತ ಕುರ್ಚಿ ಬಿಟ್ಟು ಎದ್ದ. ಕೊಡಲಿಯವನು ಬಂದಾಗ, “ಮರ ಕಡಿಯೋದಿಲ್ಲಪ್ಪ, ಊಟ ಮಾಡ್ಕೊಂಡು ಹೋಗು” ಅಂದ. ಪಂಚೆ ಎತ್ತಿ ಕಟ್ಟಿ ಹೆಂಡತಿಯ ಪಕ್ಕ ಕೂತ. ಮುಂದಿನ ಮಳೆಗಾಲಕ್ಕೆ ಹಿತ್ತಲೆಲ್ಲ ಹಸಿರು. ಬೀಗರು ಬಂದವರು ಅದರಲ್ಲಿ ಕಾಲು ಭಾಗ ಉಂಡೇ ಹೋದರಂತೆ.

ಅವನ ಕಥೆ ಬಿಡಿ, ನಮ್ಮದಕ್ಕೆ ಬರೋಣ. ನಿಮ್ಮ ನೆರಳಲ್ಲಿ ಸದ್ದಿಲ್ಲದೆ ಹಬ್ಬಿದವರು ಯಾರು? ಬೇರೆಯವರ ಅಂಗಳ ನೋಡಿ ಬಂದು ನೀವು ಕಿತ್ತದ್ದು ಯಾರನ್ನು? ದೊಡ್ಡ ವ್ರತ ಏನೂ ಬೇಡ. ಇವತ್ತು ಊಟಕ್ಕೆ ಕೂತಾಗ ಫೋನು ಒಳಗಿಡಿ. ತಟ್ಟೆಯಲ್ಲಿರೋದು ಎಲ್ಲಿಂದ ಬಂತು ಅಂತ ಬಡಿಸಿದವರನ್ನು ಕೇಳಿ. ಅವರು ಹೇಳಿ ಮುಗಿಸುವವರೆಗೆ ಕೈ ತೊಳೆಯೋಕೆ ಏಳಬೇಡಿ.