ಬೀಗರ ಸರ್ವರ್

...ಅಯ್ಯೋ, ಆ ಸ್ಟೂಲ್ ಬೇಡ ಬೀಗರೇ, ಅದರ ಕಾಲು ಮುರಿದಿದೆ. ಬೇಡದವರು ಬಂದಾಗ ಕೂರಿಸೋಕೆ ಅಂತ ಇಟ್ಕೊಂಡಿರೋದು. ಈ ಕಡೆ ಕುರ್ಚಿಗೆ ಬನ್ನಿ. ಆ ಪೆಟ್ಟಿಗೆ ಕೆಳಗಿಡಿ ಮೊದಲು. ಸರ್ವರನ್ನ ಹಸುಗೂಸಿನ ಹಾಗೆ ಎದೆಗವಚಿಕೊಂಡು ನನ್ನ ಕಂಪ್ಯೂಟರ್ ಅಂಗಡಿವರೆಗೂ ಬೀದಿಯುದ್ದ ನಡ್ಕೊಂಡು ಬಂದಿದೀರಲ್ಲ, ನೋಡಿದವರು ಏನಂದ್ಕೊಂಡಿರಬೇಕು. ಕೆಟ್ಟಿದೆಯಾ? ಇಲ್ವಾ? ಮತ್ತೆ ಯಾಕೆ ಹೊತ್ಕೊಂಡು ಬಂದ್ರಿ?

ಏನು, ಬಾಯಿಗೆ ಬೀಗ ಜಡಿದುಕೊಂಡು ಬಂದಿದೀರಾ? ಊರವರ ಬಾಗಿಲೆಲ್ಲಾ ತೆಗೆಯೋ ಮನುಷ್ಯ, ಸ್ವಂತ ಬಾಯಿ ತೆಗೆಯೋಕೆ ಕೀಲಿ ಮರೆತುಬಂದ್ರಾ... ನಗಬಹುದು ಬೀಗರೇ, ಒಳ್ಳೆ ಜೋಕು ಅದು. ನಿಮ್ಮ ಮಗನಿಗೂ ನನ್ನ ಮಗಳಿಗೂ ಮದುವೆ ಆದಾಗಿಂದ ನಾನು ಈ ಬೀದಿಗೆ ಅದನ್ನೇ ಮಾರ್ತಾ ಇರೋದು. ಬೀಗ ರಿಪೇರಿಯವರೇ ನನಗೆ ಬೀಗರು. ನೀವು ಮೀಸೆ ತಿರುವಿದ್ರೆ ಸಾಕು, ನೋಡ್ರಪ್ಪಾ, ಬೀಗದ ಬೀಗರು ಬೀಗ್ತಾ ಇದಾರೆ ಅಂತೀನಿ. ಎಲ್ಲಾ ಹೊಟ್ಟೆ ಹಿಡ್ಕೊಂಡು ನಗ್ತಾರೆ. ನೀವೊಬ್ಬರೇ ನೋಡಿ, ಯಾವತ್ತೂ ನಗಲಿಲ್ಲ.

ಸರಿ, ವಿಷಯಕ್ಕೆ ಬರೋಣ. ನೀವು ಬೀಗದ ಬಗ್ಗೆ ಬರೆಯೋ ಆ ವೆಬ್‌ಸೈಟ್ ತೆರೀತಾ ಇಲ್ವಾ? ತೆರೆಯುತ್ತಾ. ನಿಧಾನವಾ? ಫ್ಯಾನಿಗೆ ಧೂಳು ಕೂತಿರುತ್ತೆ, ಇನ್ನೇನು. ಕಬ್ಬಿಣದ ಪುಡಿ ಹಾರೋ ಅಂಗಡೀಲಿ ಮೇಜಿನ ಕೆಳಗೆ ಸರ್ವರ್ ಇಟ್ಕೊಂಡ್ರೆ ಅದೂ ಕೆಮ್ಮುತ್ತೆ. ಸೈಟ್ ಮಾಡಿಕೊಟ್ಟ ದಿನವೇ ನಾನು ಬಿಡಿಸಿ ಹೇಳಿದ್ದೆ. ಹೇಳಿದ್ದೆ ಬೀಗರೇ, ನಿಮಗೆ ನೆನಪಿಲ್ಲ. ಎರಡು ದಾರಿ ಇದೆ ಅಂದೆ. ಒಂದು, ಬಾಡಿಗೆ ಜಾಗ. ಎಲ್ಲೋ ದೂರದಲ್ಲಿ ಯಾರದೋ ಯಂತ್ರ, ಅದರೊಳಗೆ ನೂರಾರು ಜನರ ಸೈಟು, ಥೇಟ್ ವಠಾರ. ಒಬ್ಬರ ಮನೇಲಿ ಜಗಳ ಆದ್ರೆ ಎಲ್ಲರ ನಿದ್ದೆ ಹಾಳು. ಇನ್ನೊಂದು, ಸ್ವಂತ ಮನೆ. ನಿಮ್ಮದೇ ಪೆಟ್ಟಿಗೆ, ನಿಮ್ಮದೇ ಮೇಜಿನ ಕೆಳಗೆ, ಅಲ್ಲಿಂದಲೇ ಲೋಕಕ್ಕೆಲ್ಲಾ ಹೋಗುತ್ತೆ. ವಠಾರ ಅಂದ ತಕ್ಷಣ ನೀವು ಮುಖ ಕಿವುಚಿದ್ರಿ. ಸ್ವಂತದ್ದೇ ಇರಲಿ ಅಂದ್ರಿ. ಆಮೇಲೆ ಆ ಹಸಿರು ದೀಪ ಮಿಣುಕಿದಾಗಲೆಲ್ಲಾ ಗಿರಾಕಿಗಳಿಗೆ ತೋರಿಸ್ತಿದ್ರಂತಲ್ಲ, ನೋಡಿ, ಈಗ ಯಾರೋ ಓದ್ತಾ ಇದಾರೆ ಅಂತ.

ಬರೆದದ್ದಾದರೂ ಏನು, ಅಬ್ಬಾ. ಮೂರು ಸುತ್ತಿನ ಬೀಗ, ತುಕ್ಕು ಹಿಡಿದ ಬೀಗ, ಕೀಲಿ ಒಳಗೇ ಮುರಿದುಕೊಂಡರೆ ಏನು ಮಾಡಬೇಕು. ಅದರ ಮಧ್ಯೆ ಮಧ್ಯೆ, "ನಿನಗೆ ನೆನಪಿರಬಹುದು." ಓದುಗರನ್ನ ಯಾರಾದರೂ ನೀನು ಅಂತಾರಾ ಬೀಗರೇ? ನನಗೆ ಗೊತ್ತಾಗಲ್ಲ ಅಂದ್ಕೊಂಡಿದ್ರಾ? ಮಗನಿಗೆ ಬರೀತಿದ್ದಿರಿ. ಅರ ಹಿಡಿದು ನಿಮ್ಮ ಪಕ್ಕ ಕೂತು ಬೆಳೆದವನು, ಎಲ್ಲಾದರೂ ಕೂತು ಓದಿಯಾನು, ಓದಿ ಮನಸ್ಸು ಕರಗೀತು ಅಂತ.

ನನ್ನನ್ನ ಹಾಗೆ ನೋಡಬೇಡಿ. ಮಕ್ಕಳು ಮನೆ ಬಿಟ್ಟು ಹೋದದ್ದಕ್ಕೆ ನಾನೊಬ್ಬನೇ ಕಾರಣ ಅಲ್ಲ. ಮದುವೆ ದಿನ ಅವರ ಕೋಣೆಗೆ ಹೊರಗಡೆಯಿಂದ ಬೀಗ ಹಾಕಿದ್ದು ನಾನು, ಒಪ್ಪಿದೆ. ತಮಾಷೆಗೆ. ಕೀಲಿ ಕಳೆದುಹೋಯ್ತು, ಅದಕ್ಕೆ ನಾನೇನು ಮಾಡ್ಲಿ? ತೆಗೀರಿ ಬೀಗರೇ ಅಂದ್ರೆ, "ಹಾಕಿದವನೇ ತೆಗೀಲಿ" ಅಂತ ಕೈ ಕಟ್ಕೊಂಡು ನಿಂತದ್ದು ಯಾರು? ಇಡೀ ಊರಲ್ಲಿ ಅದನ್ನ ಒಂದೇ ಏಟಿಗೆ ತೆಗೆಯೋ ಕೈ ನಿಮ್ಮದು. ನಾನು ನಿಮ್ಮ ಕಾಲರ್ ಹಿಡಿದೆ, ನೀವು ನನ್ನದು ಹಿಡಿದ್ರಿ, ನೆಂಟರೆಲ್ಲಾ ನೋಡ್ತಾ ನಿಂತ್ರು. ಮದುಮಕ್ಕಳು ಕಿಟಕಿ ಹಾರಿ ಹೋದ್ರು. ನಿಮ್ಮಿಬ್ಬರ ಮುಖಾನೂ ಬೇಡ ಅಂದ್ರು. ಇಬ್ಬರದೂ ಅಂದ್ರು, ಕೇಳಿಸ್ಕೊಂಡಿದೀರಿ ತಾನೆ? ಆವತ್ತಿಂದ ನನ್ನ ಮಗಳ ದನಿ ನಾನು ಕೇಳಿಲ್ಲ, ನಿಮ್ಮ ಮಗನ ದನಿ ನೀವು ಕೇಳಿಲ್ಲ. ಲೆಕ್ಕ ಸಮ.

ಏನದು ಜೇಬಿಂದ... ಹೊಸ ಫೋನಾ? ಗುಂಡಿ ಇಲ್ಲದ್ದು. ಯಾವಾಗ ತಗೊಂಡ್ರಿ? ಅಲ್ಲಾ, ನಿಮಗ್ಯಾಕೆ ಈ ಉಸಾಬರಿ, ನಿಮ್ಮ ದಪ್ಪ ಬೆರಳಿಗೆ ಹಳೇದೇ ಸರಿ ಅಂತ ಎಷ್ಟು ಸಲ ಹೇಳಿದೀನಿ.

ಅದರಲ್ಲಿ ಸೈಟ್ ನೋಡಿದ್ರಾ.

ಆಯ್ತು. ಆಯ್ತು, ಸಿಕ್ಕಿಬಿದ್ದೆ. ಹ್ಹ... ಬೈದುಬಿಡಿ, ತಗೊಳ್ಳಿ. ಬೈಯಲ್ವಾ? ಹಾಗಾದ್ರೆ ಕೇಳಿ, ಕೇಳಿದ ಮೇಲೆ ನೀವೂ ಮೆಚ್ಚಬೇಕು. ನೀವು ಸೈಟ್ ನೋಡ್ತಿದ್ದದ್ದು ಎಲ್ಲಿ? ಈ ಪೆಟ್ಟಿಗೆಗೇ ಪರದೆ ಸಿಕ್ಕಿಸಿಕೊಂಡು. ಯಂತ್ರಕ್ಕೆ ಒಂದು ಸೈಟಿನ ಹೆಸರು ಹೇಳಿದ್ರೆ ಅದು ತಕ್ಷಣ ಬೀದಿಗೆ ಹೋಗಿ ವಿಳಾಸ ಕೇಳಲ್ಲ. ಮೊದಲು ತನ್ನ ಜೇಬು ತಡಕಿ ನೋಡ್ಕೊಳ್ಳುತ್ತೆ, ಯಾರಾದ್ರೂ ಬರೆದಿಟ್ಟಿದಾರಾ ಅಂತ. ನಾನು ಅಲ್ಲೊಂದು ಸಾಲು ಬರೆದಿಟ್ಟೆ. ಈ ಹೆಸರಿನವರು ಎಲ್ಲೂ ಹೋಗಿಲ್ಲ, ನಿನ್ನೊಳಗೇ ಇದಾರೆ ಅಂತ. ಮುಗೀತು. ಲೋಕದವರು ಆ ಹೆಸರು ಹೊಡೆದ್ರೆ ಬಾಡಿಗೆ ವಠಾರಕ್ಕೆ ಹೋಗ್ತಾರೆ, ಅಲ್ಲಿ ನಿಮ್ಮ ಬರಹದ ನಕಲು ಹಾಕಿಟ್ಟಿದೀನಿ. ನೀವು ಹೊಡೆದ್ರೆ ಸುತ್ತಿ ಸುತ್ತಿ ನಿಮ್ಮ ಮೇಜಿನ ಕೆಳಗೇ ಬರ್ತೀರಿ. ಹೆಸರು ಒಂದೇ, ಮನೆ ಎರಡು.

ಯಾಕೆ ಅಂದ್ರೆ, ತಮಾಷೆಗೆ. ನಿಮ್ಮ ಬರಹದ ಕೆಳಗೆ ಬರೀತಿದ್ದ ಆ ಓದುಗರಿದ್ರಲ್ಲ, ಹಿತ್ತಾಳೆ ಹೃದಯ, ನಿವೃತ್ತ ಕಳ್ಳ, ಕಳೆದುಹೋದ ಕೀಲಿ... ಎಲ್ಲಾ ನಾನೇ. ಇಲ್ಲೇ ಕೂತು, ಚಹಾ ಕುಡೀತಾ, ನಿಮ್ಮ ಪೆಟ್ಟಿಗೆಯೊಳಕ್ಕೆ ಬರೀತಿದ್ದೆ. ಲೋಕದ ಎದುರಿಗೆ ಮಾಡಿದ್ರೆ ನಿಮ್ಮ ಮಾನ ಹೋಗ್ತಿತ್ತು, ಅಷ್ಟು ಕೆಟ್ಟವನಲ್ಲ ನಾನು. ನಿವೃತ್ತ ಕಳ್ಳ ಬೀಗ ಒಡೆಯೋ ಬಗ್ಗೆ ಸಂದೇಹ ಕೇಳಿದಾಗ, ನೀವು ಎಷ್ಟು ಗಂಭೀರವಾಗಿ ಬುದ್ಧಿ ಹೇಳಿದ್ರಿ. ಆ ಕಳೆದುಹೋದ ಕೀಲಿ, ಪಾಪ, ವಿಧವೆ, ನನ್ನ ಎದೆಯ ಬೀಗ ತುಕ್ಕು ಹಿಡಿದಿದೆ ಅಂತ ಬರೆದ ವಾರ, ನೀವು ತಲೆಗೆ ಬಣ್ಣ ಹಚ್ಕೊಂಡ್ರಿ. ಬೀಗರೇ, ಕಿವಿಗೂ ಹತ್ತಿತ್ತು ಬಣ್ಣ. ನಾನು ಶಟರ್ ಎಳ್ಕೊಂಡು ನಕ್ಕಿದೀನಿ. ನಿಮ್ಮಂಥ ಬಿಗಿ ಮನುಷ್ಯನ ಕಿವಿ ಮೇಲೆ ಹೂ ಇಡೋದು ಅಂದ್ರೆ ಸುಮ್ಮನೆ ಮಾತಾ?

ಈಗಲೂ ಸಿಟ್ಟು ಬರಲಿಲ್ವಾ? ಸ್ಕ್ರೂಡ್ರೈವರ್ ಅಲ್ಲೇ ಇದೆ, ಎಸೀಬೇಕಾದ್ರೆ ಎಸೀರಿ.

ಫೋನಲ್ಲಿ ಪುಟ ಕೆಳಗೆ ಎಳೀಬೇಡಿ. ಅಲ್ಲೇನೂ ಇಲ್ಲ. ಬರೀ ಕಸ ಬೀಗರೇ, ಸೈಟ್ ಅಂದ್ಮೇಲೆ ಏನೇನೋ ಬಂದು ಬೀಳುತ್ತೆ, ಜಾಹೀರಾತಿನವರು, ಪೋಕರಿಗಳು... ನನ್ನ ಕಣ್ಣಿಗೆ ಹಿಡಿದ್ರೆ ಹೇಗೆ ಓದ್ಲಿ, ಕನ್ನಡಕ ಇಲ್ಲ ನನ್ನ ಹತ್ರ. ಹಣೆ ಮೇಲಿದೆ, ಹೌದು.

"ಮಾವಾ, ಪುಟ್ಟಿ ಇವತ್ತು ಚಿಲಕ ತಾನೇ ತೆಗೆದಳು. ನಿಮ್ಮ ಮೊಮ್ಮಗಳೇ ಸರಿ."

ಎಲ್ಲಾ ಓದಿದೀರಾ? ಮೊದಲಿಂದ?

ಹೂಂ. ಹೆಣ್ಣು ಮಗು. ನಿಮ್ಮ ಮೂಗೇ ಬಂದಿದೆಯಂತೆ. ಹೇಳಬೇಕಿತ್ತು, ನಾಳೆ ಹೇಳೋಣ, ನಾಳೆ ಹೇಳೋಣ ಅಂತ... ಆ ವಠಾರದ ಸೈಟಿಗೆ ಮೊದಲು ಬಂದವನು ನಿಮ್ಮ ಮಗ. ಅಪ್ಪಾ, ಮೂರು ಸುತ್ತಿನ ಬೀಗದ ಚಿತ್ರ ತಲೆಕೆಳಗಾಗಿದೆ ಅಂತ ಬರೆದ. ಅದನ್ನ ನಿಮಗೆ ತೋರಿಸೋಕೆ ಅಂತಲೇ ಎದ್ದಿದ್ದೆ. ದೇವರಾಣೆ. ಬಾಗಿಲವರೆಗೂ ಬಂದಿದ್ದೆ. ಆಮೇಲೆ ಅನ್ನಿಸಿತು, ನಿಮ್ಮ ಹಾಗೆ ಒಂದು ಉತ್ತರ ಬರೆದು ನೋಡೋಣ, ಗುರುತು ಹಿಡೀತಾನಾ ಅಂತ. "ತಲೆಕೆಳಗಾಗಿರೋದು ಚಿತ್ರ ಅಲ್ಲ, ನಿನ್ನ ತಲೆ" ಅಂದೆ. ಥೇಟ್ ನೀವೇ, ಅಲ್ವಾ? ಅವನು ನಂಬಿದ. ಮಾರನೇ ದಿನ ಅವಳು ಬರೆದಳು. ಮಾವಾ, ಚೆನ್ನಾಗಿದೀರಾ ಅಂತ.

ಅದರ ಮೇಲೆ ಏನು ಮಾಡ್ಲಿ ಹೇಳಿ. ನನ್ನ ಮಗಳು ಬರೆದದ್ದು. ಚೆನ್ನಾಗಿದೀನಿ ಮಗಳೇ ಅಂದೆ. ನೀವೂ ಹಾಗೇ ಅಂತಿದ್ರಿ ತಾನೆ? ನಿಮ್ಮ ಬಾಯಲ್ಲಿ ಕೆಟ್ಟ ಮಾತು ಒಂದೂ ಆಡಿಸಿಲ್ಲ ನಾನು. ಹಾಗೆ ನೋಡಿದ್ರೆ ನೀವು ನನ್ನ ಕೈಲಿ ಸುಧಾರಿಸಿದೀರಿ. ಮೃದುವಾಗಿದೀರಿ ಅಂತ ಅವಳೇ ಬರೆದಿದಾಳೆ. ಮಾವಾ, ನೀವು ಹೀಗೆ ಅಂತ ಗೊತ್ತೇ ಇರಲಿಲ್ಲ ಅಂತ. ಒಂದ್ಸಲ, ನಿಮ್ಮಪ್ಪನಿಗೂ ಒಂದು ಸಾಲು ಬರಿಯಮ್ಮಾ, ಪಾಪ ಅಂದೆ. ಅದಕ್ಕೆ ಅವಳು... ಅದನ್ನೂ ಓದಿರ್ತೀರಿ. ಬಿಡಿ.

ಆಮೇಲೆ ಫೋನ್ ಮಾಡ್ತೀವಿ ಅಂತ ಇಬ್ಬರೂ ಹಟ ಹಿಡಿದ್ರು. ನೀವೇ ಹೇಳಿ, ಯಾವ ದನೀಲಿ ಮಾತಾಡ್ಲಿ ನಾನು? ಗಂಟಲಿಗೆ ಆಪರೇಷನ್ ಆಗಿದೆ, ದನಿ ಪೂರ್ತಿ ಹೋಯ್ತು ಅಂತ ಬರೆದೆ. ಹಾಗಾದ್ರೆ ಬಂದುಬಿಡ್ತೀವಿ ಅಂದ್ರು. ಸೂಟ್‌ಕೇಸ್ ಕೂಡ ಕಟ್ಟಿದ್ರಂತೆ. ಬೇಡ, ಕುತ್ತಿಗೇಲಿ ತೂತು ಮಾಡಿದಾರೆ, ನೋಡಿದ್ರೆ ಮಗು ಬೆಚ್ಚಿಬೀಳುತ್ತೆ, ನೀವು ಬರೀತಾ ಇರಿ, ನನಗಷ್ಟೇ ಸಾಕು ಅಂದೆ. ಆ ರಾತ್ರಿ ಅವಳು ಅತ್ತಳಂತೆ. ನಿಮಗೋಸ್ಕರ. ನಿಮ್ಮಂಥ ಕಲ್ಲಿಗೋಸ್ಕರ. ನನಗೋಸ್ಕರ ಆ ಹುಡುಗಿ ಯಾವತ್ತಾದರೂ ಕಣ್ಣೀರು ಹಾಕಿದಾಳಾ? ನಿಮ್ಮ ಸುಳ್ಳು ಗಂಟಲಿಗೆ ಸಿಕ್ಕಿದ್ದು ನನಗೆ...

ಒಂದು ನಿಮಿಷ.

ನೀವು ಬಂದಾಗಿಂದ ಒಂದೇ ಒಂದು ಮಾತು ಆಡಿಲ್ಲ. ಹೂಂ ಅಂತಲೂ ಅಂದಿಲ್ಲ. ಬೀಗರೇ... ಅದಕ್ಕಾ? ನಾನು ಬರೆದದ್ದನ್ನ ನಡೆಸಿ ತೋರಿಸ್ತಾ ಕೂತಿದೀರಾ? ಸಾಕು. ಚೆನ್ನಾಗಿದೆ, ನಿಮಗೂ ತಮಾಷೆ ಬರುತ್ತೆ ಅಂತ ಒಪ್ಪಿದೆ, ಗೆದ್ರಿ. ಈಗ ಬಾಯಿ ಬಿಡಿ. ಬೈರಿ. ಉಗೀರಿ ಬೇಕಾದ್ರೆ.

ಯಾರಿಗೆ ಅದು? ಯಾರ ನಂಬರ್ ಒತ್ತುತ್ತಾ ಇದೀರಿ? ಆ ನಂಬರು... ನಿಮ್ಮ ಮಗ ಸೈಟಲ್ಲಿ ಹಾಕಿದ್ದು. ಎಲ್ಲರ ಕಣ್ಣಿಗೆ ಬೀಳೋ ಹಾಗೆ ಬರೀಬೇಡವೋ ದಡ್ಡ ಅಂತ ಬೈದಿದ್ದೆ ಅವನಿಗೆ, ನಿಮ್ಮ ಪರವಾಗಿ. ಅಳಿಸೋಕೆ ಮರೆತೆ. ಇಡಿ ಬೀಗರೇ. ಕೆಳಗಿಡಿ. ನಾನೇ ಇವತ್ತು ಕೂತು ಎಲ್ಲಾ ಬರೀತೀನಿ, ಬನ್ನಿ ಅಂತ ಬರೀತೀನಿ, ನಿಮ್ಮ ಮನೆಗೇ ಬರಲಿ, ನನ್ನ ಬಾಗಿಲಿಗೆ ಬರೋದೂ ಬೇಡ. ನಾನು ಬರೆದೆ ಅನ್ನೋದೊಂದು ಮಾತ್ರ ಹೇಳಬೇಡಿ. ನಿಮ್ಮ ಕಾಲು ಹಿಡೀತೀನಿ... ಸ್ಪೀಕರಿಗೆ ಯಾಕೆ ಹಾಕ್ತೀರಿ, ಹೊರಗಿನವರಿಗೆಲ್ಲಾ ಕೇಳಿಸುತ್ತೆ...

ಅವಳೇ ಎತ್ತಿದಳು.

ದನಿ ಸ್ವಲ್ಪ ದಪ್ಪ ಆಗಿದೆ, ಅಲ್ವಾ... ಮಾವಾ, ನೀವಾ, ಅಂದ್ಲು. ಮಾತಾಡಬೇಡಿ ಮಾವಾ, ನೀವು ಫೋನ್ ಹಿಡ್ಕೊಂಡಿದೀರಿ ಅಂತ ಗೊತ್ತಾದ್ರೆ ನನಗೆ ಸಾಕು ಅಂತಿದಾಳೆ. ಉಸಿರು ಕೇಳಿಸ್ತಾ ಇದೆಯಂತೆ. ನಿಮ್ಮದಲ್ಲ ಅದು, ನೀವು ಉಸಿರು ಬಿಗಿ ಹಿಡ್ಕೊಂಡಿದೀರಿ... ಮಾತಾಡಿ. ಮೆತ್ತಗೆ ಹೇಳ್ತಾ ಇದೀನಿ, ಮಾತಾಡಿ ಬೀಗರೇ. ಗಂಟಲು ಚೆನ್ನಾಗಿದೆ ಅನ್ನಿ. ನಿಮ್ಮಪ್ಪ ಕಳ್ಳ ಅನ್ನಿ, ಅದಾದರೂ ಅನ್ನಿ. ನಿಮಗೂ ಮೊಮ್ಮಗಳಲ್ವಾ ಅದು? ಯಾಕೆ ನನ್ನ ಬಾಯಿ ಹತ್ರ ಹಿಡೀತೀರಿ, ನಾನು ಏನಂತ...

ಕೇಳಿಸಿಬಿಡ್ತು ಅವಳಿಗೆ.

ಪಕ್ಕದಲ್ಲಿ ಯಾರೋ ಇದಾರಲ್ಲ ಮಾವಾ, ಯಾರದು ಅಂತ ಕೇಳ್ತಾ ಇದಾಳೆ.

ಬೀಗರೇ... ಯಾರೂ ಇಲ್ಲ ಅನ್ನಿ.