ಕೊಂಕು ಬಿಟ್ಟ ಮೇಲೆ

ಆಸ್ಪತ್ರೆಯಲ್ಲಿ ನನ್ನ ಸರದಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ನಡುವಯಸ್ಸಿನ ಅಕ್ಕ, ತಂಗಿ. ಅಕ್ಕನ ಗಂಡ ಒಳಗೆ ಡಾಕ್ಟರ ಹತ್ತಿರ ಇದ್ದರು.

"ಭಾವ ಚೆನ್ನಾಗೇ ಮಾತಾಡ್ತಾರಲ್ಲೇ, ಅಕ್ಕ?"

"ಮಾತಿಗೇನೂ ಕಮ್ಮಿ ಇಲ್ಲ ಕಣೇ. ಸ್ಟ್ರೋಕ್ ಆಗಿದ್ದು ಮೆದುಳಿನ ಬಲಗಡೆ. ಪದ ಅರ್ಥ ಆಗತ್ತೆ, ಕೊಂಕು ಅರ್ಥ ಆಗಲ್ಲ. ಅದನ್ನ ಹಿಡಿಯೋದು ಹೆಚ್ಚಾಗಿ ಬಲಗಡೆಯಂತೆ."

"ಅಯ್ಯೋ, ನಿನಗೆ ಕೊಂಕು ಬಿಟ್ರೆ ಬೇರೆ ಮಾತೇ ಬರಲ್ವಲ್ಲ!"

"ಹೂಂ. ಇಷ್ಟು ವರ್ಷ ನಾನು ಸಂಸಾರ ಮಾಡಿದ್ದು ಬರೀ ಆ ಬಲಗಡೆ ಜೊತೆಗೇ ಅನ್ನು. ನಿನ್ನೆ 'ನೀವು ಆರಾಮಾಗಿ ಕೂತಿರಿ, ಎಲ್ಲಾ ನಾನೊಬ್ಬಳೇ ಮಾಡ್ತೀನಿ' ಅಂದೆ. 'ಆಗಲಿ' ಅಂತ ಕೂತೇಬಿಟ್ರು."

"ನೇರವಾಗಿ ಹೇಳ್ಬಾರದಾ?"

"ಏನಂತ? ಒಬ್ಬಳಿಗೇ ಭಯ ಆಗತ್ತೆ, ಪಕ್ಕದಲ್ಲಿ ಬಂದು ನಿಂತ್ಕೊಳ್ಳಿ ಅಂತಾನಾ? ಈ ವಯಸ್ಸಲ್ಲಿ ನಾಚಿಕೆ ಆಗತ್ತೆ ಕಣೇ."

ಬಾಗಿಲು ತೆರೆಯಿತು. ಅವರು ಗೋಡೆ ಹಿಡಿದುಕೊಂಡು ಹೊರಬಂದರು.

"ಬಂದ್ರಾ ಮಹಾರಾಜರು?" ಎಂದಳು ಅಕ್ಕ.

ಅವರು ಯಾರು ಬಂದರೆಂದು ತಿರುಗಿ ಹಿಂದೆ ನೋಡಿದರು.

ಅಕ್ಕ ನಾಲಿಗೆ ಕಚ್ಚಿಕೊಂಡಳು. "ನಿಮ್ಮನ್ನೇ ಕಾಯ್ತಿದ್ದೆ. ನನಗೆ ಭಯ ಆಗ್ತಿದೆ. ಜೊತೆಗೇ ನಡೀರಿ."

"ಮೊದಲೇ ಹೇಳೋದಲ್ವಾ?" ಎಂದು ಅವರು ಬಲಗೈ ಚಾಚಿದರು.

ತಂಗಿ ಚೀಲ ಎತ್ತಿಕೊಂಡು, ಬೇಕೆಂದೇ ಸ್ವಲ್ಪ ಹಿಂದೆ ನಡೆದಳು.