ನಾದಿನಿಗೆ ಬೇಡವೆಂದ ಮಾತ್ರೆ

ತೀರಿಕೊಂಡ ಅಕ್ಕನ ನೆನಪಿಗೆ ಸೇರಿರುವ ಹಿರಿಯರಿಗೆ, ನಮ್ಮ ಪ್ರಯೋಗಾಲಯದ ಎಲ್ಲರಿಗೆ, ಮುಂದೆ ಕುಳಿತಿರುವ ಅಕ್ಕನ ಯಜಮಾನರಿಗೆ — ನನಗೆ ಅವರು ಭಾವ — ಅಕ್ಕನ ನಾದಿನಿಯವರಿಗೆ, ನಮಸ್ಕಾರ.

ಮೊನ್ನೆ ಒಂದು ಕೆಟ್ಟ ಕನಸು ಬಿತ್ತು. ಇದೇ ಸಭೆ. ನಾನು ಇಲ್ಲೇ ನಿಂತಿದ್ದೇನೆ, ಬಾಯಿ ತೆರೆದರೆ ಧ್ವನಿಯೇ ಇಲ್ಲ. ಅಕ್ಕ ಕೊನೆಯ ಸಾಲಿನಿಂದ, "ಏನೋ ಗಾಬರಿರಾಯ, ಸತ್ತವಳು ನಾನು, ಬೆವರ್ತಾ ಇರೋನು ನೀನು" ಎನ್ನುತ್ತಿದ್ದಾರೆ. ಎದ್ದು ಕುಳಿತೆ. ಆಮೇಲೆ ನಿದ್ದೆ ಎಲ್ಲಿಯದು.

ನನ್ನ ಓದು ಅರ್ಧಕ್ಕೇ ನಿಂತದ್ದು. ತಪ್ಪಾದರೆ ಬಲ್ಲವರು ತಿದ್ದಿ. ಅಕ್ಕನ ಪ್ರಯೋಗಾಲಯದಲ್ಲಿ ಲವಣದ ದ್ರವಗಳನ್ನು ಮಾಡಿ ಬಾಟಲಿಗೆ ತುಂಬುವವನು ನಾನು. ಅಕ್ಕನ ಕೆಲಸವನ್ನು ಅಕ್ಕ ನನಗೆ ಹೇಳಿದ ಹಾಗೇ ಹೇಳುತ್ತೇನೆ.

ಮೈ ಕಾಯಬೇಕಾದ ಜೀವಕೋಶಗಳು ಕೆಲವರಲ್ಲಿ ಸ್ವಂತ ಕರುಳಿನ ಮೇಲೆಯೇ ತಿರುಗಿ ಬೀಳುತ್ತವೆ — ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕರುಳು ಊದಿಕೊಳ್ಳುತ್ತದೆ, ಹುಣ್ಣಾಗುತ್ತದೆ, ರಕ್ತ ಹೋಗುತ್ತದೆ. ಆ ಕೋಶಗಳ ಗೋಡೆಯಲ್ಲಿ ಪೊಟ್ಯಾಸಿಯಂ ಹೊರಗೆ ಹೋಗುವ ಸಣ್ಣ ಸಣ್ಣ ಬಾಗಿಲುಗಳಿವೆ. ಅವು ತೆರೆದಿರುವ ತನಕ ಕೋಶದ ಸಿಟ್ಟು ಇಳಿಯದು, ಮುಚ್ಚಿದರೆ ತಣ್ಣಗಾಗುತ್ತದೆ. ಆ ಬಾಗಿಲು ಮುಚ್ಚುವ ಮಾತ್ರೆ — ಅದೇ ಅಕ್ಕನ ಬದುಕು. ಆದರೆ ಹೃದಯದಲ್ಲೂ ಪೊಟ್ಯಾಸಿಯಂ ಬಾಗಿಲುಗಳಿವೆ. ಅವಕ್ಕೆ ಮಾತ್ರೆ ಕೈ ಹಾಕಿದರೆ — ಎದೆಬಡಿತವೇ ತಪ್ಪುತ್ತದೆ.

ಒಮ್ಮೆ ಗಾಜಿನ ತಟ್ಟೆಯಲ್ಲಿ ಕೋಶಗಳನ್ನಿಟ್ಟು ಮಾಡಿದ ಪರೀಕ್ಷೆಯಲ್ಲಿ ಹೃದಯದ ಬಾಗಿಲೂ ಮುಚ್ಚಿಕೊಂಡಂತೆ ಕಂಡಿತು. ಮಾತ್ರೆಯ ಕಥೆ ಮುಗಿಯಿತು ಎಂದರು ಎಲ್ಲರೂ. ತಪ್ಪು ನನ್ನದೇ ಎಂದುಕೊಂಡೆ. ದ್ರವ ಮಾಡಿದವನು ನಾನಲ್ಲವೇ? ಕೋಶದ ಹೊರಗೆ ಹರಿಸುವ ದ್ರವ ಒಂದು, ಒಳಗೆ ತುಂಬುವುದು ಇನ್ನೊಂದು. ನೋಡಲು ಎರಡೂ ನೀರೇ. ಊಟ ಬಿಟ್ಟ ಅವಸರದಲ್ಲಿ ಅಕ್ಕನೇ ಒಳಗಿನದನ್ನು ಹೊರಗೆ ಹರಿಸಿದ್ದರು. ಎರಡೂ ಕಡೆ ಪೊಟ್ಯಾಸಿಯಂ ಸಮವಾದರೆ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ ಕಾಣುತ್ತದಂತೆ. ತಿಳಿದ ಕೂಡಲೇ ಎಲ್ಲರನ್ನೂ ಕರೆದರು — ಎರಡು ಬಾಟಲಿಯನ್ನೂ ಹೀಗೆ ಎತ್ತಿ ಹಿಡಿದು — "ಅದಲುಬದಲು ಮಾಡಿದ್ದು ನಾನು. ಇವನನ್ನ ಯಾರೂ ಬೈಬೇಡಿ, ಇವನೇ ಸಾಕಷ್ಟು ಬೈಕೊಂಡಿದಾನೆ" ಎಂದರು. ಮತ್ತೆ ಮಾಡಿದಾಗ ಹೃದಯದ ಬಾಗಿಲು ತನ್ನ ಪಾಡಿಗೆ ತಾನು ತೆರೆದೇ ಇತ್ತು. ಆ ದಿನ ನಾನು ಉಸಿರು ಬಿಟ್ಟೆ.

ಇನ್ನು ಮನೆಯ ಮಾತು. "ಹೇಳಿ, ಮುಚ್ಚಿಡೋದೇನಿಲ್ಲ" ಎಂದು ನಾದಿನಿಯವರೇ ಹೇಳಿದ್ದಾರೆ. ವರ್ಷಗಳಿಂದ ಅವರಿಗೂ ಇದೇ ಕರುಳಿನ ಬೇನೆ. ರೋಗಿಗಳಿಗೆ ಮಾತ್ರೆ ಕೊಟ್ಟು ನೋಡಲು ಶುರುವಾದಾಗ ತಮ್ಮನ್ನೂ ಸೇರಿಸಿ ಎಂದರು. ಅಕ್ಕ ಬೇಡವೆಂದರು. ಪ್ರಯೋಗಾಲಯದ ಹೊಸ್ತಿಲಲ್ಲೇ, ನನ್ನೆದುರೇ.

"ಮನೆಗೆ ಮಾರಿ ಊರಿಗೆ ಉಪಕಾರಿ ಅಂದ್ರೆ ನೀವೇ ಅತ್ತಿಗೆ."

"ಆಗಲಮ್ಮ. ನೀನು ಸೇರಿದ್ರೆ ನಿನಗೆ ವಾಸಿ ಆಗೋ ಮುಂಚೆನೇ ವಾಸಿ ಆಯ್ತು ಅಂತ ಬರೆದುಬಿಡ್ತೀನಿ. ನನ್ನ ಕಣ್ಣನ್ನ ನಾನೇ ನಂಬಲ್ಲ."

"ಹಾಗಾದ್ರೆ ನಾನು ಹೀಗೇ ನರಳಲಾ?"

"ಹಳೇ ಔಷಧಿ ಬಿಡಬೇಡ. ಇದು ಗೊತ್ತಾಗೋ ತನಕ ತಡ್ಕೋ."

ಅಂದಿನಿಂದ ಮಾತು ನಿಂತಿತು. ಭಾವನವರ ಪಾಡು ಅತ್ತ ದರಿ, ಇತ್ತ ಪುಲಿ. ಒಂದೇ ಮನೆಯಲ್ಲಿ ಹೆಂಡತಿಯ ಮಾತನ್ನು ತಂಗಿಗೆ, ತಂಗಿಯ ಮಾತನ್ನು ಹೆಂಡತಿಗೆ ಹೊತ್ತು ತಿರುಗಿದರು ಪಾಪ.

ಫಲಿತಾಂಶ ಬಂತು. ಮಾತ್ರೆ ಬಹಳ ಮಂದಿಗೆ ನಾಟಿತ್ತು, ಹೃದಯಕ್ಕೆ ತೊಂದರೆ ಕಂಡಿರಲಿಲ್ಲ. ಮುಂದಿನ ಪರೀಕ್ಷೆ ಬೇರೆ ಆಸ್ಪತ್ರೆಯಲ್ಲಿ, ಇಲ್ಲಿ ಕುಳಿತಿರುವ ಡಾಕ್ಟರ ಕೈಯಲ್ಲಿ ಶುರುವಾಯಿತು. ನಾದಿನಿಯವರು ಅಲ್ಲಿ ಸೇರಿದರು. ಆದರೂ ಅಕ್ಕನ ಜೊತೆ ಮಾತಿಲ್ಲ.

ಅಷ್ಟರಲ್ಲಿ ಜ್ವರ ಶ್ವಾಸಕೋಶಕ್ಕಿಳಿದು ಅಕ್ಕ ಮಲಗಿದರು. ಹೀಗೇ ಹೋಗಿಬಿಟ್ಟರೆ ಅತ್ತಿಗೆ ನಾದಿನಿಯರ ಈ ಮುನಿಸಿನ ಗತಿ ಏನು — ಇದೊಂದೇ ಚಿಂತೆ ನನ್ನನ್ನು ಕೊರೆಯಿತು. ಒಂದು ಮಧ್ಯಾಹ್ನ ನಾದಿನಿಯವರು ಬಂದರು. ಈ ಬೇನೆಯವರು ಎಲ್ಲಿ ಹೋದರೂ ಮೊದಲು ಶೌಚಾಲಯ ಎಲ್ಲಿದೆ ಎಂದು ನೋಡುತ್ತಾರೆ, ಬಾಗಿಲ ಪಕ್ಕದ ಕುರ್ಚಿ ಹಿಡಿಯುತ್ತಾರೆ. ಅವರು ಮಂಚದ ಆಚೆ, ಗೋಡೆಯ ಬದಿಗೆ ಹೋಗಿ ಕುಳಿತರು. ಸಂಜೆಯಾಯಿತು. ಏಳಲಿಲ್ಲ. ಅಕ್ಕ ಅದನ್ನೇ ನೋಡುತ್ತಿದ್ದರು.

"ಏನೇ, ಒಂದ್ಸಲಾನೂ ಎದ್ದು ಹೋಗ್ಲಿಲ್ಲ?"

"ನಿಮ್ಮನ್ನ ಬೈಯೋದು ಬಾಕಿ ಇತ್ತು ಅತ್ತಿಗೆ. ಅದಕ್ಕೇ ಕೂತೆ."

ಅಕ್ಕ ನಕ್ಕರು, ಕೆಮ್ಮು ಬರುವ ತನಕ ನಕ್ಕರು. ಪೂರ್ತಿ ವಾಸಿಯಾಯಿತು ಎಂದು ನಾನು ಹೇಳುತ್ತಿಲ್ಲ. ಅಕ್ಕ ಕೇಳಿದ್ದರೆ "ನಾಲಿಗೆ ಬಿಗಿ ಹಿಡಿ" ಎನ್ನುತ್ತಿದ್ದರು. ಆದರೆ ಅಷ್ಟನ್ನು ಕಣ್ಣಾರೆ ನೋಡಿ ಹೋದರು. ನನಗೆ ದುಃಖವಿಲ್ಲವೆಂದಲ್ಲ — ಎದೆಯ ಮೇಲಿನ ಕಲ್ಲು ಮಾತ್ರ ಇಳಿದಿದೆ.

ಇನ್ನು ಎಲ್ಲರೂ ದಯವಿಟ್ಟು ಏಳಿ. ಅಕ್ಕನನ್ನು ನೆನೆದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲೋಣ. ಡಾಕ್ಟರೇ — ನಿಂತ ಮೇಲೆ ಮಾತಾಡಬಾರದು, ಈಗಲೇ ಹೇಳಿಬಿಡುತ್ತೇನೆ. ನಾದಿನಿಯವರು ನಿನ್ನೆಯಿಂದ ಗಂಟಲು ನೋವಿಗೆ ಬೇರೊಂದು ಮಾತ್ರೆ ನುಂಗುತ್ತಿದ್ದಾರೆ. ಅಕ್ಕನ ಮಾತ್ರೆಯ ಜೊತೆ ನುಂಗಿದರೂ ಎದೆಬಡಿತಕ್ಕೆ ಏನೂ ಆಗದು ಎಂದು ನೀವು ಬೆಳಗ್ಗೆ ಹೇಳಿದ್ದೀರಿ, ಇಲ್ಲವೆನ್ನುವುದಿಲ್ಲ. ಮೌನ ಮುಗಿದ ಮೇಲೆ ಅದರ ಹೆಸರನ್ನು ಇನ್ನೊಂದೇ ಒಂದು ಸಲ ನೋಡಿಬಿಡಿ.